ಮುಷ್ಟಿ ಜೋಳ

ಹುಕ್ಕೇರಿ ಸಂತೆ ಮುಗಿಸಿ ಸರ್ವಿಸ್ ಮೋಟಾರಿಗೆ ಕಾಯುತ್ತಿದ್ದ ಕೆಂಚಪ್ಪನ ಬೆನ್ನ ಹಿಂದೆ, ಬೇವಿನ ನೆರಳಲ್ಲಿ, ಇಬ್ಬರು ಹೆಂಗಸರು ಕುಳಿತಿದ್ದರು. ಬಡ ಹುಡುಗರ ಬೋರ್ಡಿಂಗಿಗೆಂದು ದಿನಾ ಬೀಸುವ ಮುಂಚೆ ಒಂದು ಹಿಡಿ ಜೋಳವನ್ನು ಗಡಿಗೆಗೆ ಎತ್ತಿಡುವುದು ಆ ಸೀಮೆಯ ಮನೆಮನೆಯ ರೂಢಿ. ಕೆಂಚಪ್ಪನ ಮನೆಯಲ್ಲೂ ಅಂಥ ಗಡಿಗೆ ಇತ್ತು, ಓದುವ ವಯಸ್ಸಿನ ಮಗನೂ ಇದ್ದ. ಅದಕ್ಕೇ ಅವನು ಕಿವಿಗೊಟ್ಟ.

“ಪಾರವ್ವಕ್ಕ, ಮೊಮ್ಮಗನ್ನ ಬೋರ್ಡಿಂಗಿಗಿ ತಗೊಂಡ್ರೇನ?” ಎಂದಳು ಕಿರಿಯಳು.

“ತಗೊಂಡ್ರವ್ವಾ ಶಂಕ್ರವ್ವ.”

“ಬಾಳ ಚಲೋ ಆತು. ಇಷ್ಟ ವರ್ಷ ಗಡಿಗಿ ತುಂಬಿದ್ದಕ್ಕ ಫಲ ಸಿಕ್ತು.”

“ಓದಾಕಲ್ಲ. ಬೋರ್ಡಿಂಗಿನ ಅಧ್ಯಕ್ಷ ಸಾವ್ಕಾರ್ರ ಕುದರಿ ನೋಡಾಕ.”

“ಅಯ್ಯ! ಸಾಲಿಗಿ ಯಾಕ ಬ್ಯಾಡಂದ್ರ?”

“ದಾನಿಗೋಳ ಶಿಫಾರಸ ಬೇಕಂತ. ನಾನೂ ದಿನಾ ಹಿಡಿ ಜೋಳ ಕೊಟ್ಟೇನ್ರಿ ಅಂದ್ನಿ. ಬೋರ್ಡಿಂಗಿನ ಗ್ವಾಡಿ ಕಲ್ಲಿನ್ಯಾಗ ಹೆಸರ ಕೆತ್ತಿಸಿದವ್ರಷ್ಟ ದಾನಿಗೋಳು ಅಂದ್ರು.”

“ಸಾವ್ಕಾರ್ರ ಅಳಿಯನ ಮಕ್ಕಳು ಅಲ್ಲೇ ಉಣ್ಣಾಕತ್ತಾವಲ್ಲ, ಅವೇನ ಬಡವ್ರ ಮಕ್ಕಳ?”

“ಅವಕ್ಕ ಅಕ್ಕಿ ಅನ್ನ ಬೇಕವ್ವಾ, ರೊಟ್ಟಿ ಸೇರೂದಿಲ್ಲ.”

“ಮತ್ತ ನಮ್ಮ ಜೋಳ?”

“ಕುದರಿಗಿ. ನನ್ನ ಮೊಮ್ಮಗ ತನ್ನ ಕೈಲೆ ಹಾಕತಾನ. ಅದಾದ್ರೂ ಹೊಟ್ಟಿ ತುಂಬ ತಿಂತೈತಂತ.”



“ನಾಳಿಂದ ಆ ಗಡಿಗಿ ಬೋರಲ ಹಾಕ್ಬಿಡಕ್ಕ.”

“ಹಾಕಿದ್ರ ಕುದರಿಗಿ ಕಡಿಮಿ ಬೀಳತೈತಿ. ಕುದರಿ ಸೊರಗಿದ್ರ ಬಾರಕೋಲ ಹುಡುಗನ ಬೆನ್ನ ಮ್ಯಾಲ.”

ಮೋಟಾರು ಬಂತು. ಪಾರವ್ವ ಗಡಿಗೆಗೆಂದು ಸಂತೆಯಲ್ಲಿ ಕೊಂಡ ಜೋಳದ ಗಂಟನ್ನು ತಲೆಗೇರಿಸಿಕೊಂಡು ಎದ್ದಳು.