ಲಿಫ್ಟ್ ಬರುವವರೆಗೆ

ಕ್ರೀಡಾಂಗಣದ ಕೆಲಸದ ಹುಡುಗಿ ಮೂಲೆಯಲ್ಲಿ ಸದ್ದಿಲ್ಲದೆ ಟವೆಲ್ ಮಡಚುತ್ತಿದ್ದಳು. ಲಿಫ್ಟಿಗೆ ಕಾಯುತ್ತಿದ್ದ ಬ್ಯಾಸ್ಕೆಟ್‌ಬಾಲ್ ಕೋಚ್ ಹಿಂದೆಯೇ ಆಟಗಾರ್ತಿಯೊಬ್ಬಳು ಬಂದು, ನಿಂತಲ್ಲಿ ನಿಲ್ಲಲಾರದೆ ಕಾಲು ಬದಲಿಸತೊಡಗಿದಳು.

“ನನ್ನನ್ನ ಟೀಮಿಂದ ತೆಗೆದ್ರಂತೆ, ಸರ್?”

“ನೀನು ಆಡೋವಷ್ಟು ಹೊತ್ತೂ ನಾವು ಹಿಂದೆ ಬೀಳ್ತೀವಿ ಕಣಮ್ಮ. ಕಂಪ್ಯೂಟರ್ ಲೆಕ್ಕ ಹಾಗೆ ಹೇಳುತ್ತೆ.”

“ನನ್ನನ್ನ ಹೊಸಬರ ಜೊತೆ ಇಳಿಸಿದ್ದು ಅದಕ್ಕೆ ಗೊತ್ತಾ?”

“ಹೋದ ವರ್ಷ ನೀನು ಒಂದೂ ಬಾಸ್ಕೆಟ್ ಹಾಕದಿದ್ರೂ, ನೀನಿದ್ರೆ ಗೆಲ್ತೀವಿ ಅಂತ ತೋರಿಸಿದ್ದು ಅದೇ ಲೆಕ್ಕ ತಾನೇ? ಹೊಗಳಿದಾಗ ಸಿಹಿ, ಬೈದಾಗ ಕಹಿನಾ?”

“ಆಗ ನಮ್ಮಕ್ಕನ ಜೊತೆ ಆಡಿಸ್ತಿದ್ರಿ. ನಾನು ಎದುರಾಳಿಗೆ ಅಡ್ಡ ನಿಂತು ದಾರಿ ಬಿಡಿಸ್ತಿದ್ದೆ, ಅವಳು ನುಗ್ಗಿ ಬಾಲ್ ಹಾಕ್ತಿದ್ಲು. ಈ ಹೊಸಬರು ದಾರಿ ಬಿಡಿಸಿಕೊಟ್ರೂ ಕಂಬದ ಹಾಗೆ ನಿಲ್ತಾರೆ.”

ಟವೆಲ್ ಮಡಚುತ್ತಿದ್ದ ಹುಡುಗಿಯ ಕೈ ತಾನಾಗಿ ನಿಂತಿತು. ಲಿಫ್ಟ್ ಬಂತು. ಕೋಚ್ ಒಳಗೆ ಹೋಗಿ ಗುಂಡಿ ಒತ್ತಿದರು. ಬಾಗಿಲು ಮುಚ್ಚತೊಡಗಿದಾಗ ಆಟಗಾರ್ತಿ ಕೂಗಿದಳು:

“ನಾಳೆ ಒಂದೇ ಒಂದು ಸಲ ಅಕ್ಕನ ಜೊತೆ ಇಳಿಸಿ ನೋಡಿ, ಸರ್.”