ನೀಲಗಂಗವ್ವ ಕೇಳಿದ ಒಂದು ಮುಂಜಾನೆ

ತಾಯಂದಿರೇ, ಅಣ್ಣಂದಿರೇ, ಇವತ್ತಿನ ಪ್ರವಚನದ ಕಥೆಯನ್ನು ಬೇಕಂತಲೇ ಒಬ್ಬ ಶ್ರೀಮಂತನ ಮನೆಯಿಂದ ಶುರು ಮಾಡುತ್ತೇನೆ. ಬಡವನ ಕಥೆ ಹೇಳಿದರೆ ನೀವು "ಪಾಪ, ಕೈಯಲ್ಲಿ ಕಾಸಿರಲಿಲ್ಲ" ಎಂದು ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತೀರಿ. ಈ ಮನೆಯಲ್ಲಿ ಕಾಸಿಗೇನೂ ಕೊರತೆ ಇರಲಿಲ್ಲ.

ಆ ಶ್ರೀಮಂತನ ಹೆಸರು ಚನ್ನಮಲ್ಲಪ್ಪ. ಊರಿಗೇ ದೊಡ್ಡ ಅರಿವೆ ಅಂಗಡಿ. ಒಂದು ದಿನ ಗಾದಿಯ ಮೇಲೆ ಕುಳಿತಲ್ಲೇ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಬಾಯಿಂದ ಮಾತೇ ಹೊರಡದಾಯಿತು. ಮಕ್ಕಳಿರಲಿಲ್ಲ. ಉಳಿದವಳು ಹೆಂಡತಿ ನೀಲಗಂಗವ್ವ.

ಹಾಸಿಗೆ ಹಿಡಿದವರ ಸೇವೆ ಎಂದರೇನು ಗೊತ್ತೇ? ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಗಂಜಿಯನ್ನು ನೆತ್ತಿಗೇರದ ಹಾಗೆ ಚಮಚ ಚಮಚವಾಗಿ ಕುಡಿಸಬೇಕು. ಹೊಲಸನ್ನು ಬಳಿಯಬೇಕು, ಬಳಿದ ಕೈ ತೊಳೆದುಕೊಂಡು ಮತ್ತೆ ಗಂಜಿ ಕಾಸಬೇಕು. ನೀಲಗಂಗವ್ವ ಅದನ್ನೆಲ್ಲ ಮಾಡಿದಳು. ಅವಳಿಗೆ ಗಂಡನೆಂದರೆ ಜೀವ. ಆದರೆ ನೋಡಿ, ಪ್ರೀತಿ ಇದೆ ಎಂದ ಮಾತ್ರಕ್ಕೆ ಸೊಂಟ ನೋಯದೇ ಇರುತ್ತದೆಯೇ?

ಹಣವಂತರು, ಆಳಿಡಬಾರದಿತ್ತೇ ಎನ್ನುತ್ತೀರಿ. ಇಟ್ಟಿದ್ದಳು. ಆಳು ಬಂದ ಮರುದಿನವೇ ಓಣಿಯಲ್ಲಿ ಮಾತು ಹುಟ್ಟಿತು. ಭಾವನ ಹೆಂಡತಿ ಪಾರಮ್ಮ ಬಂದು ಎದುರಿಗೇ ಅಂದಳು: "ಹೇಂತಿ ಗಟ್ಟಿಮುಟ್ಟಾಗಿ ಇದ್ದು ಗಂಡನ್ನ ಆಳಿನ ಕೈಯಾಗ ಕೊಟ್ಟಾಳ ಅಂತ ಮಂದಿ ನಗಾಕತ್ತೈತಿ." ನೀಲಗಂಗವ್ವ ಆ ಸಂಜೆಯೇ ಆಳನ್ನು ಕಳಿಸಿಬಿಟ್ಟಳು. ನಕ್ಕ ಮಂದಿಯಲ್ಲಿ ಒಬ್ಬರಾದರೂ ಆಳಿನ ಜಾಗಕ್ಕೆ ಬಂದು ನಿಂತರೇ? ಹೇಳಿ, ನಿಂತರೇ?

ನಿಲ್ಲಲಿಲ್ಲ, ಆದರೆ ನೋಡಲು ಬಂದರು. ನಮ್ಮಲ್ಲಿ ಅದಕ್ಕೆ ಕೊರತೆಯಿಲ್ಲ. ಬ್ರೆಡ್ಡು, ಬಾಳೆಹಣ್ಣು, ಎಳನೀರು ಹಿಡಿದುಕೊಂಡು ಬೆಳಗಿನಿಂದ ಸಂಜೆಯವರೆಗೂ ಜನ. ಬಂದವರು ಮಂಚದ ಸುತ್ತ ಕುಳಿತು "ಹೆಂಗದಾರ್ರೀ ಸಾಹುಕಾರ್ರು?" ಎಂದು ಕೇಳುತ್ತಿದ್ದರು. ನಂತರ ನೀಲಗಂಗವ್ವನ ಕಡೆ ತಿರುಗಿ "ನಿನ್ನಂಥಾಕಿ ಸಿಗಾಕ ಅವರು ಪುಣ್ಯಾ ಮಾಡಿದ್ರವ್ವಾ" ಎನ್ನುತ್ತಿದ್ದರು. ನೀಲಗಂಗವ್ವ ಒಳಗೆ ಹೋಗಿ ಅವರಿಗೆಲ್ಲ ಚಹಾ ಇಡುತ್ತಿದ್ದಳು. ರೋಗಿಯ ಮನೆಯಿಂದ ಚಹಾ ಕುಡಿಯದೆ ಎದ್ದರೆ ಮರ್ಯಾದೆಯಲ್ಲವಲ್ಲ! ಅವಳು ಉಂಡಳೋ, ಕಣ್ಣು ಮುಚ್ಚಿದಳೋ, ಅದನ್ನು ಯಾರೂ ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಅವಳಿಗೆ ಎದೆ ಹಿಡಿದುಕೊಳ್ಳತೊಡಗಿತು. ಗಂಡನನ್ನು ನೋಡಲು ಬಂದ ಡಾಕ್ಟರು ಅವಳ ಮುಖ ನೋಡಿ, "ತಡಾ ಮಾಡಬ್ಯಾಡ್ರಿ, ಜಿಲ್ಲಾ ದವಾಖಾನಿಗೆ ಹೋಗಿ ತಪಾಸಣಿ ಮಾಡಿಸ್ರಿ" ಎಂದರು. ಅರ್ಧ ದಿನದ ಕೆಲಸ. ಅವಳಿಗೆ ಬೇಕಾಗಿದ್ದುದು ಒಂದೇ ಒಂದು ಮುಂಜಾನೆ.

ಪಾರಮ್ಮನನ್ನು ಕೇಳಿದಳು. "ಅಕ್ಕಾ, ಸೋಮವಾರ ಒಂದು ಹೊತ್ತು ಇವರ ಹಂತೇಕ ಕುಂದರ್ತೀಯೇನು?"

"ಸೋಮವಾರ ನಂದು ಉಪವಾಸ. ಮಡೀಲೆ ಇರಬೇಕು. ಅವರ ಅರಿವಿ ಹೆಂಗ ಮುಟ್ಟಲೆವ್ವಾ?"

ಪಕ್ಕದ ಮನೆಯಾಕೆಯನ್ನು ಕೇಳಿದಳು. ದಿನಾ "ಏನ್ ಬೇಕಾದ್ರೂ ಕೇಳವ್ವಾ, ಸಂಕೋಚ ಮಾಡಬ್ಯಾಡ" ಎನ್ನುತ್ತಿದ್ದವಳು ಅವಳೇ. "ಈ ವಾರ ಬೀಗರು ಬರ್ತಾರ. ಮುಂದಿನ ವಾರ ನೋಡೂಣಂತ" ಎಂದಳು.

ಆ ಮುಂದಿನ ವಾರ ಬಂದದ್ದು ಮಠದ ಕಮಿಟಿಯವರು. ಪತಿಸೇವೆಗಾಗಿ ಅವಳನ್ನು ಸನ್ಮಾನಿಸಲು ಶಾಲು, ಹಾರ, ಹಣ್ಣಿನ ಬುಟ್ಟಿ ತಂದಿದ್ದರು. ಜೊತೆಗೆ ಫೋಟೋದವನು. ನೀಲಗಂಗವ್ವ ಕೈ ಮುಗಿದು ಅಂದಳು: "ಶಾಲು ಬ್ಯಾಡ್ರೀ ಅಣ್ಣಾರ. ನಿಮ್ಮೊಳಗ ಯಾರರ ಒಬ್ಬರು ನಾಳೆ ಮುಂಜಾನೆ ಇಲ್ಲಿ ಕುಂದ್ರರಿ." ಎಲ್ಲರೂ ಮೆಚ್ಚಿ ತಲೆದೂಗಿದರು. "ಎಂಥಾ ವಿನಯ ನೋಡ್ರಿ" ಎಂದು ಶಾಲು ಹೊದಿಸಿದರು. ಆಮೇಲೆ ಕುಳಿತರು, ಚಹಾಕ್ಕೆ.

ಅವಳು ಒಳಗೆ ಹೋದಳು. ಹಾಲು ಒಲೆಗಿಟ್ಟಳು. ಅಲ್ಲಿಯೇ ಕುಸಿದಳು.

ಹೊರಗೆ ಇವರು ಮುಂದಿನ ಪ್ರವಚನಕ್ಕೆ ಎಷ್ಟು ದೊಡ್ಡ ಪೆಂಡಾಲು ಎಂದು ಮಾತಾಡುತ್ತಿದ್ದರು. ಮಂಚದಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಚನ್ನಮಲ್ಲಪ್ಪನಿಗೆ ನೆಲದ ಮೇಲೆ ಬಿದ್ದ ಹೆಂಡತಿಯ ಕೈ ಕಂಡಿತು. ಎಡಗೈಯಿಂದ ಮಂಚದ ಕಟ್ಟಿಗೆಯನ್ನು ಬಡಿದ, ಅಡುಗೆಮನೆಯ ಕಡೆ ತೋರಿಸಿದ, ಮತ್ತೆ ಬಡಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಕಮಿಟಿಯ ಅಧ್ಯಕ್ಷರು ಎದ್ದು ಅವನ ಭುಜ ತಟ್ಟಿದರು. "ಇರ್ಲಿ ಬಿಡ್ರಿ ಸಾಹುಕಾರ್ರ, ಗಡಿಬಿಡಿ ಮಾಡಬ್ಯಾಡ್ರಿ. ನಾವು ಚಾ ಕುಡಿದೇ ಹೋಗ್ತೀವಿ."

ಹಾಲು ಸೀದ ವಾಸನೆ ಪಡಸಾಲೆಗೆ ಬಂದಾಗ ಒಳಗೆ ಹೋಗಿ ನೋಡಿದರು. ಅಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದ ಮೇಲೆ ಅದೇ ಜನ ಅದೇ ಮಂಚದ ಸುತ್ತ ಕುಳಿತರು. ಆಗ ಏನು ಕೇಳಿದರು ಗೊತ್ತೇ? "ಇನ್ನ ಮ್ಯಾಲೆ ಸಾಹುಕಾರ್ರನ್ನ ಯಾರು ನೋಡಬೇಕ್ರೀ?" ಸತ್ತ ದಿನವೂ ಅವಳ ಸುದ್ದಿ ಇಲ್ಲ. ಚನ್ನಮಲ್ಲಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಹೊರಳಿಸುವವರಿಲ್ಲದೆ ಬೆನ್ನು ಹುಣ್ಣಾಗಿ, ಆ ಮಳೆಗಾಲ ಮುಗಿಯುವುದರೊಳಗೆ ಅವನೂ ಹೋದ.

ಈಗ ಅವರನ್ನು ಬಯ್ಯಬೇಡಿ. ನಿಮ್ಮನ್ನು ಕೇಳುತ್ತೇನೆ. ರೋಗಿಯನ್ನು ನೋಡಲು ಹೋದಾಗ ನೀವು ಯಾರನ್ನು ನೋಡಿ ಬರುತ್ತೀರಿ? ಇನ್ನು ಮೇಲೆ ಹಾಗೆ ಹೋದರೆ ಚಹಾಕ್ಕೆ ಕಾಯಬೇಡಿ. ಅಡುಗೆಮನೆಗೆ ಹೋಗಿ, ಅಲ್ಲಿರುವ ಜೀವಕ್ಕೆ ನೀವೇ ಒಂದು ಬಟ್ಟಲು ಚಹಾ ಮಾಡಿಕೊಡಿ. "ಏನು ಬೇಕಾದರೂ ಕೇಳು" ಎನ್ನುವ ಮಾತನ್ನು ಬಿಟ್ಟುಬಿಡಿ, ಅದು ನಮ್ಮ ಸಮಾಧಾನಕ್ಕೆ ಆಡುವ ಮಾತು. "ಗುರುವಾರ ಹತ್ತಕ್ಕೆ ಬರುತ್ತೇನೆ, ನೀನು ಹೊರಗೆ ಹೋಗಿ ಬಾ" ಎನ್ನಿ, ಹೇಳಿದ ಹಾಗೆ ಹೋಗಿ. ಹೊಲಸು ಬಳಿಯಲು ಕಲಿಯಿರಿ, ಕೈ ತೊಳೆದರೆ ಹೋಗುತ್ತದೆ. ಯಾರಾದರೂ ಆಳಿಟ್ಟುಕೊಂಡರೆ ನಾಲಿಗೆ ಬಿಗಿಹಿಡಿಯಿರಿ.

ಇನ್ನೊಂದು ಮಾತು. ನಿಮ್ಮಲ್ಲಿ ಎಷ್ಟೋ ಜನ ಹಾಸಿಗೆ ಹಿಡಿದ ಅವ್ವನನ್ನೋ ಅಪ್ಪನನ್ನೋ ಯಾರದೋ ಕೈಯಲ್ಲಿ ಬಿಟ್ಟು ಇಲ್ಲಿ ಬಂದು ಕುಳಿತಿದ್ದೀರಿ. ಆ ಹೆಂಡತಿ, ಆ ತಂಗಿ, ಆ ತಮ್ಮ ಈ ಪೆಂಡಾಲಿಗೆ ಒಂದು ದಿನವೂ ಬಂದಿಲ್ಲ. ನಾಳೆ ಅವರನ್ನು ಕಳಿಸಿ, ನೀವು ಮನೆಯಲ್ಲಿ ಮಂಚದ ಹತ್ತಿರ ಕುಳಿತುಕೊಳ್ಳಿ. ಅವರಿಗೆ ಇಲ್ಲಿ ಬರಲು ಮನಸ್ಸಿಲ್ಲದಿದ್ದರೆ ಬಾಗಿಲು ಮುಚ್ಚಿಕೊಂಡು ಮಲಗಲಿ. ನಿಮ್ಮ ಜಾಗ ಖಾಲಿ ಕಂಡರೆ ನನಗೆ ಸಂತೋಷವೇ ಆಗುತ್ತದೆ.