ಎಡಗೈಲಿ ಉಂಡ ಹೀರೋ

…ಮೆಲ್ಲಗೆ ಮಾರಾಯ್ತಿ, ಮೆಲ್ಲಗೆ! ಮೊದ್ಲು ಆ ಹಿತ್ಲ ಬಾಗ್ಲು ಎಳ್ಕೊಂಡು ಬಾ. ಚಿಲಕ ಹಾಕ್ಬೇಡ, ಸದ್ದಾಗುತ್ತೆ. ಗೋಡೆಗೆ ಗೋಡೆ ಅಂಟಿದ ಮನೆ, ಇಲ್ಲಿ ಒಗ್ಗರಣೆ ಹಾಕಿದ್ರೆ ಆಚೆಮನೇಲಿ ವಿಶಾಲಾಕ್ಷಿ ಸೀನ್ತಾಳೆ. ಹತ್ರ ಬಾ, ಇನ್ನೂ ಹತ್ರ. ದೀಪು, ನಾನೀಗ ಹೇಳೋದು ಈ ಅಡುಗೆಮನೆ ಹೊಸಿಲು ದಾಟಬಾರ್ದು. ಕಳಸದಿಂದ ನಿಮ್ಮಮ್ಮ ಫೋನ್ ಮಾಡಿದ್ರೂ ಬಾಯಿ ಬಿಡಬಾರ್ದು. ಆಣೆ ಮಾಡು. …ತಲೆ ಆಡಿಸಿದ್ರೆ ಆಣೆ ಆಗಲ್ಲ ಕಣೇ! ಹೋಗ್ಲಿ ಬಿಡು. ಗಂಡನ ಮನೆ ಬಿಟ್ಟು ಬ್ಯಾಗ್ ಹಿಡ್ಕೊಂಡು ಬಂದಾಗಿನಿಂದ ನೀನು ಬಾಯಿ ಬಿಟ್ಟಿದ್ದು ಯಾವಾಗ? ಮೂಡಿಗೆರೆಗೆ ವಾಪಸ್ ಹೋಗ್ತೀಯೋ, ಈ ಅಜ್ಜಿ ಜೊತೇಲೇ ಇರ್ತೀಯೋ, ಅದನ್ನಾದ್ರೂ ಹೇಳ್ಬಾರ್ದಾ…

ಆಯ್ತು, ಆಯ್ತು, ಮುಖ ತಿರುಗಿಸ್ಬೇಡ. ನಾನು ಹೇಳಕ್ಕೆ ಹೊರಟಿದ್ದು ನಿನ್ನ ವಿಷ್ಯ ಅಲ್ಲ, ನನ್ನದು. ನಿನ್ನೆ ಮಹಿಳಾ ಸಂಘದಲ್ಲಿ ನನ್ನ ಮಾನ ಹರಾಜಾಯ್ತು.

ಬ್ಯಾಂಕ್ ನಾಗಶ್ರೀ ಇದ್ದಾಳಲ್ಲ, ತಿಂಗಳಿಗೊಂದು ಪುಸ್ತಕ ಓದಿ ಎಲ್ಲರೂ ಅಭಿಪ್ರಾಯ ಹೇಳ್ಬೇಕು ಅಂತ ಹೊಸ ಕಾಯಿಲೆ ಹಚ್ಚಿದ್ದಾಳೆ. ಈ ಸಲ ಯಾವ ಪುಸ್ತಕ ಅಂತೀಯ? ‘ದೊರೆ ಬಂಗ್ಲೆಯ ಅರಗಿಣಿ’! ಅದೇ ಕಣೇ, ನಾನು ಕ್ಯೂರಿಂಗ್ ವರ್ಕ್ಸಲ್ಲಿ ಕಾಫಿ ಬೀಜ ಆರಿಸ್ತಿದ್ದಾಗ ವಾರಪತ್ರಿಕೇಲಿ ಬರ್ತಿತ್ತಲ್ಲ, ಆ ಧಾರಾವಾಹಿ. ಈಗ ಯಾರೋ ಮತ್ತೆ ಅಚ್ಚು ಹಾಕಿದ್ದಾರೆ. ಹೊಸ ರಟ್ಟು, ಅದರ ಮೇಲೊಂದು ಹೆಣ್ಣು ಸೆರಗು ಹಾರಿಸ್ಕೊಂಡು ನಿಂತಿದೆ. “ರಂಗಮ್ಮಜ್ಜಿ, ನಿಮ್ಮ ಕಾಲದ್ದು, ನೀವು ಬರ್ಲೇಬೇಕು” ಅಂದ್ಲು ನಾಗಶ್ರೀ. ಎರಡನೇ ಕ್ಲಾಸಿಗೆ ಸ್ಲೇಟು ಒಡ್ಕೊಂಡು ಮನೆಗೆ ಬಂದೋಳಿಗೆ ಅಷ್ಟು ಮರ್ಯಾದೆ ಯಾರು ಕೊಡ್ತಾರೆ? ಹೋದೆ. ಕೋಡುಬಳೆನೂ ಇತ್ತು, ಸುಳ್ಳು ಯಾಕೆ ಹೇಳ್ಲಿ.

ವಿಶಾಲಾಕ್ಷೀನೂ ಕರೆದೆ. ಬರ್ಲಿಲ್ಲ. ಮಂಡಿನೋವಂತೆ! ಬೆಳಗ್ಗೆ ತಾನೇ ಆ ಮಂಡಿ ಸಂತೆ ಸುತ್ತಿ ಬಂದಿತ್ತು. ಅಲ್ಲೇ ನಂಗೆ ಅನುಮಾನ ಬರ್ಬೇಕಿತ್ತು…

ಅಬ್ಬಬ್ಬಾ, ಒಬ್ಬೊಬ್ಬರದು ಒಂದೊಂದು ರಾಗ. ಮೊದ್ಲು ನಾಗಶ್ರೀ ಮಗಳು, ಕಾಲೇಜಿನ ಹುಡುಗಿ, “ಐದಕ್ಕೆ ಒಂದು ಸ್ಟಾರ್” ಅಂತು. ಸ್ಟಾರು ಹೋಟ್ಲಿಗಲ್ವೇನೇ ಕೊಡೋದು ಅಂದೆ. ಈಗ ಪುಸ್ತಕಕ್ಕೂ ಕೊಡ್ತಾರಂತೆ. ಹಂಗಿದ್ರೆ ಆ ಒಂದಾದ್ರೂ ಯಾಕೆ ಕೊಟ್ಟೆ ಅಂದ್ರೆ, ಸೊನ್ನೆ ಕೊಡಕ್ಕೆ ಫೋನಲ್ಲಿ ಬರಲ್ವಂತೆ!

ಯಾಕೆ ನಗ್ತೀಯ? ನಗು, ನಗು. ನಿನ್ನ ಹಲ್ಲು ನೋಡಿ ಎಷ್ಟು ದಿನ ಆಗಿತ್ತು.

ಆಮೇಲೆ ಮಲ್ಲಂದೂರು ಕಡೆ ಎಸ್ಟೇಟಿನೋರು ಒಬ್ರು ಎದ್ರು. ಅವ್ರ ಮೂಗುತಿ ಮಿಂಚಿಗೆ ನನ್ನ ಕಣ್ಣು ಕುಕ್ತು. ಅವ್ರಿಗೆ ಪ್ರೇಮಗೀಮ ಎಂತದೂ ಬೇಡ. “ಅಲ್ಲಾರೀ, ದೀಪಾವಳಿ ಹೊತ್ತಿಗೆ ಕಾಫಿ ಹೂ ಬಿಡಿಸಿದ್ದಾರಲ್ಲ! ಹೂ ಅರಳಿಸೋ ಮಳೆ ಬೀಳೋದು ಯುಗಾದಿ ಹೊತ್ತಿಗಲ್ವಾ? ಇಡೀ ಪುಸ್ತಕದಲ್ಲಿ ಒಂದಿನ ಹಣ್ಣು ಕುಯ್ಯಲ್ಲ, ಒಬ್ಬ ಆಳಿಗೆ ಬಟವಾಡೆ ಇಲ್ಲ, ಹೀರೋ ಬರೀ ಕುದುರೆ ಮೇಲೆ ಸುತ್ತುತ್ತಾನೆ. ಬರೆದೋರು ಕಾಫಿ ಕುಡಿದಿದ್ದಾರೆ ಅಷ್ಟೇ, ಗಿಡ ನೋಡಿಲ್ಲ” ಅಂದ್ರು. ಎಲ್ಲರೂ ಬಿದ್ದು ಬಿದ್ದು ನಕ್ರು. ಪ್ರೇಮಲತಾ ಟೀಚರ್ ಒಬ್ರೇ ನಗಲಿಲ್ಲ. “ಅಪ್ಪನ ಮಾತು ಮೀರಿ ಇಷ್ಟಪಟ್ಟೋನನ್ನ ಮದ್ವೆ ಆಗೋದು ಆ ಕಾಲಕ್ಕೆ ಸಣ್ಣ ವಿಷ್ಯವಾ? ಈಗಿನ ಕನ್ನಡಕ ಹಾಕ್ಕೊಂಡು ಓದ್ಬೇಡಿ” ಅಂತ ಕಣ್ಣು ಒರೆಸ್ಕೊಂಡ್ರು. ಅವ್ರ ಯಜಮಾನ್ರು ರಿಟೈರ್ ಆದ್ಮೇಲೆ ಟಿವಿ ಜೊತೆ ಸಂಸಾರ ಮಾಡ್ತಾರೆ ಕಣೇ. ಪಾಪ, ಆ ಟೀಚರಿಗೆ ಪುಸ್ತಕದ ಗಂಡೇ ಗತಿ. …ಇದನ್ನೂ ಹೊರಗೆ ಹೇಳ್ಬೇಡ ಮತ್ತೆ.

ಉಸ್ಸಪ್ಪಾ… ಆ ನೀರಿನ ಲೋಟ ಕೊಡು. ಮಾತಾಡಕ್ಕೂ ಸಾಕಾಗುತ್ತೆ ಈಗೀಗ.

ಕೊನೆಗೆ ನಾಗಶ್ರೀ ಎದ್ಲು. “ಕ್ಲಬ್ಬಲ್ಲಿ ಯಾರ ಜೊತೆನೋ ನಕ್ಕು ಮಾತಾಡಿದ್ಲು ಅಂತ ಹೆಂಡ್ತಿ ಕೆನ್ನೆಗೆ ಬಿಗೀತಾನೆ, ಅದನ್ನ ಪ್ರೀತಿ ಅಂತ ಬರೆದಿದ್ದಾರೆ. ಇದು ಪ್ರೇಮಕಥೆ ಅಲ್ಲ, ಪೊಲೀಸ್ ಸ್ಟೇಷನ್ ಕಥೆ” ಅಂದ್ಲು. ನಂಗೆ ಮೈಯೆಲ್ಲ ಉರಿದು ಹೋಯ್ತು. ಎದ್ದು ನಿಂತೇ ಬಿಟ್ಟೆ. “ಅರ್ಧ ಓದಿ ಮಾತಾಡ್ಬೇಡ ನಾಗಶ್ರೀ! ಹೊಡೆದ, ಸರಿ. ಆಮೇಲೆ ಏನು ಮಾಡ್ದ ಹೇಳು? ಅವಳ ತವರಿಗೆ ಹೋದ. ಅಂಗಳದಲ್ಲಿ ಎಲ್ಲರೆದುರು ನಿಂತು ‘ತಪ್ಪಾಯ್ತು’ ಅಂದ. ಊಟಕ್ಕೆ ಎಲೆ ಹಾಕಿದ್ರೆ ಎಡಗೈಲಿ ಉಂಡ! ‘ಇದು ನಿನ್ನ ಮೇಲೆ ಎದ್ದ ಕೈ, ನೀನು ಹಿಡಿಯೋ ತನಕ ಇದರಲ್ಲಿ ಅನ್ನ ಮುಟ್ಟಲ್ಲ’ ಅಂದ. ಪಾಯಸದ ಹೊತ್ತಿಗೆ ಅವಳೇ ಬಂದು ಬಲಗೈ ಹಿಡ್ಕೊಂಡ್ಲು. ಅಂಥ ಗಂಡಸು ಕಣೇ ಅವ್ನು!” ಅಂದೆ.

ನಿನ್ನ ಹತ್ರನೂ ಹೇಳಿದ್ನಲ್ಲ, ನೀನು ಬಂದ ದಿನವೇ? ಗಂಡಸರು ಬದಲಾಗ್ತಾರೆ ಪುಟ್ಟಿ, ಕಾಯ್ಬೇಕು ಅಂತ…

ನಾಗಶ್ರೀ ಪುಟ ತಿರುವಿದ್ಲು, ಮತ್ತೆ ತಿರುವಿದ್ಲು. “ಅಜ್ಜಿ, ಇದರಲ್ಲಿ ಆ ಊಟವೇ ಇಲ್ವಲ್ಲ” ಅಂದ್ಲು. ಸರ್ಯಾಗಿ ನೋಡು ಅಂದೆ. ಇದ್ದದ್ದನ್ನ ಜೋರಾಗಿ ಓದಿದ್ಲು. ಏನಿತ್ತು ಗೊತ್ತಾ? ಅವನು ಎಲ್ಲಿಗೂ ಹೋಗಲ್ಲ. ಅವಳೇ ಬೆಳಗಾಗೋ ಮೊದ್ಲು ತವರಿಂದ ನಡ್ಕೊಂಡು ಬಂದು ಅವನ ಕಾಲ ಮೇಲೆ ಬೀಳ್ತಾಳೆ. “ನನ್ನದೇ ತಪ್ಪು” ಅಂತಾಳೆ. ಅವನು ಕಣ್ಣೀರು ಒರೆಸಿ, “ಇನ್ಮೇಲೆ ಹಾಗೆ ನಗಬೇಡ” ಅಂತಾನೆ. ಮುಕ್ತಾಯ!

ಎಲ್ಲರೂ ನನ್ನ ಮುಖ ನೋಡಿದ್ರು. ಆ ಕಾಲೇಜು ಹುಡುಗಿ ಬಾಯಿಗೆ ವೇಲ್ ಒತ್ಕೊಂಡು ಕುಲುಕ್ತಾ ಇತ್ತು. ಕೈಲಿದ್ದ ಕೋಡುಬಳೆ ತಟ್ಟೆಗೇ ವಾಪಸ್ ಇಟ್ಬಿಟ್ಟೆ.

ಮನೆಗೂ ಬರ್ಲಿಲ್ಲ, ನೆಟ್ಟಗೆ ಆ ವಿಶಾಲಾಕ್ಷಿ ಹಿತ್ಲಿಗೇ ಹೋದೆ. ಯಾಕೆ ಅಂದ್ರೆ, ನಾವ್ಯಾರೂ ಆ ಕಥೆ ಓದಿದ್ದಲ್ಲ, ಕೇಳಿದ್ದು. ಶೆಡ್ಡಲ್ಲಿ ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸ್ತಿದ್ವಲ್ಲ, ಅಷ್ಟೂ ಹೆಂಗಸರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೋಳು ವಿಶಾಲಾಕ್ಷಿ ಒಬ್ಳೇ. ಪತ್ರಿಕೆ ಬಂದ ದಿನ ಅವಳು ಓದೋದು, ಅವಳ ಪಾಲಿನ ರಾಶಿ ನಾವು ಹಂಚ್ಕೊಂಡು ಆರಿಸೋದು. ಮೇಸ್ತ್ರಿ ಏಕಾಂತಪ್ಪ ಬೈಯಕ್ಕೆ ಅಂತ ಬಂದೋನು ಕಂಬಕ್ಕೆ ಒರಗಿ ನಿಂತ್ಕೊಂಡುಬಿಡ್ತಿದ್ದ. ಎಡಗೈ ಊಟದ ವಾರ ಅವನೂ ಮೂಗು ಸೀಟಿದ್ದು ನನ್ನ ಕಣ್ಣಾರೆ ಕಂಡಿದ್ದೀನಿ!

ವಿಶಾಲಾಕ್ಷಿ ಮೆಣಸು ಕೇರ್ತಾ ಕೂತಿದ್ಲು. “ಏನೇ, ಹೊಸ ಪುಸ್ತಕದಲ್ಲಿ ಕಥೆ ಕತ್ತರಿಸಿಬಿಟ್ಟಿದ್ದಾರಲ್ಲೇ” ಅಂದೆ. ಮೊರ ನಿಲ್ಲಿಸ್ಲಿಲ್ಲ ಅವಳು. “ಇಲ್ಲ ರಂಗಿ, ಆವಾಗ್ಲೂ ಇರ್ಲಿಲ್ಲ. ನಾನೇ ಸೇರಿಸಿದ್ದು” ಅಂದ್ಲು. ಸಾರಿಗೆ ಚೂರು ಉಪ್ಪು ಹಾಕಿದೆ ಅನ್ನೋ ಹಂಗೆ!

ಹೂಂ, ಆ ‘ತಪ್ಪಾಯ್ತು’, ಆ ಎಲೆ, ಆ ಎಡಗೈ, ಪಾಯಸ, ಎಲ್ಲ ಅವಳದೇ. ನಲವತ್ತು ವರ್ಷ ನಾನು ಯಾರ್ಯಾರಿಗೆ ಹೇಳ್ಕೊಂಡು ಬಂದೆನೋ… ಯಾಕೆ ಹಂಗೆ ಮಾಡ್ದೆ ಅಂದ್ರೆ, “ಓದಕ್ಕೆ ಮುಂಚೆ ನಾನೊಬ್ಳೇ ಪುಟದ ಮೇಲೆ ಕಣ್ಣಾಡಿಸ್ದೆ. ತಲೆ ಎತ್ತಿದ್ರೆ, ಎದುರಿಗೇ ಊದಿದ ಕೆನ್ನೆಗೆ ಸೆರಗು ಹೊದ್ಕೊಂಡು ಒಬ್ಳು ಬೀಜ ಆರಿಸ್ತಾ ಕೂತಿದ್ಲು. ಅವಳ ಮುಂದೆ ಅದನ್ನ ಇದ್ದ ಹಾಗೇ ಓದಕ್ಕೆ ನಾಲಿಗೆ ಏಳ್ಲಿಲ್ಲ” ಅಂದ್ಲು.

ಯಾರಾ? ಯಾರೋ ಒಬ್ಳು. ಶೆಡ್ಡು ತುಂಬ ಜನ ಇದ್ವಿ, ಯಾರಿಗೆ ನೆನಪಿರುತ್ತೆ…

ಯಾಕೆ ಹಂಗೆ ನೋಡ್ತೀಯ? ನನ್ನ ಮುಖದಲ್ಲೇನಿದೆ? ಆ ಫೋಟೋ ಯಾಕೆ ನೋಡ್ತೀಯ? ನಿಮ್ಮ ತಾತ ತಿಮ್ಮಪ್ಪ ಅಂದ್ರೆ ಬಂಗಾರದಂಥ ಮನುಷ್ಯ, ಕೇರಿಯೋರನ್ನೆಲ್ಲ ಕೇಳು, ಎಲ್ಲರೂ ಅದನ್ನೇ ಹೇಳ್ತಾರೆ… ಎಲ್ಲರಿಗೂ ನಾನೇ ಹೇಳಿದ್ದು. ನಿಮ್ಮಮ್ಮನಿಗೂ ನಾನೇ ಹೇಳಿದ್ದು.

ಏನಾದ್ರೂ ಅನ್ನೇ ದೀಪು. ಬೈಯಿ ಬೇಕಾದ್ರೆ. ಹಿಂಗೆ ಸುಮ್ನೆ ಕೂತ್ಕೋಬೇಡ…

ಹೂಂ. ನಾನೇ.

ನಾನೇ ಕಣೇ. ಸಾರು ತಣ್ಣಗಿತ್ತು ಅಂತ ಒಂದಿನ, ಅದು ಬಿಸಿ ಇತ್ತು ಅಂತ ಇನ್ನೊಂದಿನ. ಊರಿನ ಹುಳುಕೆಲ್ಲ ಆಡಿದ ಈ ಬಾಯಿ ನನ್ನ ಮನೇದನ್ನ ಮಾತ್ರ ಆಡ್ಲಿಲ್ಲ. ಕಾದೆ. ಆ ಕಥೆ ಕೇಳಿದ್ಮೇಲೆ ದಿನಾ ಅವನಿಗೆ ಬಡಿಸುವಾಗ ಯಾವ ಕೈ ಅನ್ನಕ್ಕೆ ಬರುತ್ತೆ ಅಂತ ನೋಡ್ತಿದ್ದೆ. ನಗಬೇಡ… ನಗ್ತಿಲ್ವಾ? ಕೊನೇಗೆ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡ. ತುಟಿ ಅಲ್ಲಾಡಿಸ್ದ. ಈಗ ಅಂತಾನೆ, ಈಗ ಅಂತಾನೆ ಅಂತ ಬಗ್ಗಿ ಕಿವಿ ಕೊಟ್ಟೆ. “ದಿಂಬಿನ ಕೆಳಗಿದ್ದ ಬೀಡಿ ಯಾರು ತೆಗೆದ್ರು?” ಅಂದ.

ಅಷ್ಟೇ ಅಂದ.

ನಿನ್ನ ಕಿವಿ ಕೆಳಗಿನ ಗುರುತು ನೀನು ಬಂದ ದಿನವೇ ನೋಡಿದ್ದೆ. ನೋಡಿನೂ ನೋಡದ ಹಾಗೆ ಇದ್ದೆ. ನಂಗದು ಅಭ್ಯಾಸ. ಮೊನ್ನೆ ನಿನ್ನ ಗಂಡನಿಗೆ, ಆ ಅಭಿಷೇಕನಿಗೆ, ಫೋನ್ ಮಾಡಿಸಿದ್ದೂ ನಾನೇ. ಇವತ್ತು ಸಂಜೆ ಕಾರು ತಗೊಂಡು ಬರ್ತಾನೆ, ನಿನ್ನ…

ಕೂತ್ಕೋ! ಎಲ್ಲಿಗೆ ಎದ್ದೆ? ಹಿಂಗೆ ಬಿಳಿಚ್ಕೋಬೇಡ ಕಣೇ, ನಿನ್ನ ದಮ್ಮಯ್ಯ. ಅವನಿಗೆ ಬರಬೇಡ ಅಂತೀನಿ. ಫೋನ್ ಒತ್ತಿ ಕೊಡು, ನಂಗೆ ಆ ಗಾಜು ಮೇಲೆ ಒತ್ತಕ್ಕೆ ಬರಲ್ಲ. ಬೊಗಳಕ್ಕೆ ಚೆನ್ನಾಗಿ ಬರುತ್ತೆ. ಬಂದ್ರೆ ಬಾಗ್ಲಲ್ಲಿ ನಾನು ಅಡ್ಡ ಕೂತಿರ್ತೀನಿ, ಮುದುಕಿನ ದಾಟಿ ಬರ್ಲಿ ನೋಡೋಣ.

ನಿಜ ಕಣೇ, ನಿಜವಾಗ್ಲೂ. ಇಷ್ಟು ಬೇಗ ಮನಸ್ಸು ತಿರುಗಿದ್ದು ಹೆಂಗೆ ಅಂತಾನಾ? ತಾನಾಗೇ ತಿರುಗ್ಲಿಲ್ಲ, ರಾತ್ರಿಯೆಲ್ಲ ಒದ್ದಾಡಿದೆ. ವಿಶಾಲಾಕ್ಷಿ ಮೇಲೆ ಸಿಟ್ಟಲ್ಲಿ ಕೂಗಾಡಿದ್ನಲ್ಲ, “ನಿನ್ನ ಕಥೆ ಸುಳ್ಳಾದ್ರೂ ಸೈ, ನಾಳೆ ನನ್ನ ಮೊಮ್ಮಗಳನ್ನ ಗಂಡನ ಜೊತೆ ಕಳಿಸೇ ಕಳಿಸ್ತೀನಿ” ಅಂತ. ಆಗ ಮೊರ ಕೆಳಗಿಟ್ಲು. ಎದ್ದು ಬಂದ್ಲು, ಆ ಮಂಡಿ ಇಟ್ಕೊಂಡು. ನನ್ನ ಮುಖಕ್ಕೆ ಮುಖ ಕೊಟ್ಟು ಅಂದ್ಲು:

“ಅವತ್ತು ನಿನ್ನ ಕಣ್ಣೀರು ನಿಲ್ಲಲಿ ಅಂತ ಅವನ ಬಾಯಲ್ಲಿ ತಪ್ಪಾಯ್ತು ಅನ್ನಿಸ್ದೆ ರಂಗಿ. ಅದನ್ನ ನಂಬ್ಕೊಂಡು ನೀನು ಈ ಮಗೂನೂ ಕಳಿಸ್ತೀಯ ಅಂತ ಗೊತ್ತಿದ್ದಿದ್ರೆ, ಆ ಹೀರೋನ ಅದೇ ವಾರ ಹೊಳೆಗೆ ತಳ್ಳಿ ಸಾಯಿಸಿಬಿಡ್ತಿದ್ದೆ ಕಣೇ.”